ಬೂದಿದಿಬ್ಬಗಳು ಹೇಳುವ ಪ್ರಾಚೀನ ಕಥೆ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಮಾರ್ಗದಲ್ಲಿ ಕುಡತಿನಿ ಎಂಬ ಊರಿದೆ. ಅದರ ಸಮೀಪದ ಗುಡ್ಡಗಳ ನಡುವೆ ಬೂದುಬಣ್ಣದ ದೊಡ್ಡ ದಿಬ್ಬವೊಂದಿದೆ. ಭೀಮಸೇನದೇವರು ಹಿಡಿಂಬಾಸುರನನ್ನು ಸಂಹರಿಸಿದಾಗ ಆ ರಾಕ್ಷಸನ ದೇಹವು ದಗ್ಧವಾಗಿ ಉಳಿದ ಬೂದಿಯೇ ಇದು ಎಂಬುದು ಸ್ಥಳೀಯರ ನಂಬಿಕೆ. ಹಂಪಿಯ ಬಳಿಯ ನಿಂಬಾಪುರದಲ್ಲಿಯೂ ಇಂತಹುದೇ ಒಂದು ದಿಬ್ಬವಿದ್ದು, ಅದನ್ನು ವಾಲಿಯ ಚಿತಾಭಸ್ಮವೆಂದು ಹೇಳುತ್ತಾರೆ. ವಾಯುದೇವರ ಎರಡನೆಯ ಅವತಾರದ ಹೆಸರಿನೊಡನೆ ಹೆಣೆದುಕೊಂಡಿರುವ ಈ ದಿಬ್ಬಗಳ ವಿಷಯವು ನಮ್ಮ ಓದುಗರಿಗೆ ಆಸಕ್ತಿದಾಯಕವಾದೀತೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಪ್ರಾಕ್ತನಶಾಸ್ತ್ರಜ್ಞರು ಅಕ್ಷರವೇ ಇಲ್ಲದ ಕಾಲದ ಇತಿಹಾಸವನ್ನು ಹೇಗೆ ಓದುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ನಾಡಿನಲ್ಲಿ ಮತ್ತೊಂದಿಲ್ಲ.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ಆಸುಪಾಸಿನ ಬಳ್ಳಾರಿ, ರಾಯಚೂರು, ಸುರಪುರ ಸೀಮೆಗಳಲ್ಲಿಯೂ ನೆರೆಯ ಆಂಧ್ರ, ತೆಲಂಗಾಣಗಳಲ್ಲಿಯೂ ಇಂತಹ ಬೂದಿದಿಬ್ಬಗಳು ನೂರಕ್ಕೂ ಹೆಚ್ಚು ಪತ್ತೆಯಾಗಿವೆ. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ನ್ಯೂಬೋಲ್ಡ್ ಎಂಬವನು 1843ರಲ್ಲಿ ಇವುಗಳ ಬಗೆಗೆ ಲೇಖನವೊಂದನ್ನು ಪ್ರಕಟಿಸಿದನು. ಹಿಡಿಂಬಾಸುರನ ಕಥೆಯನ್ನು ದಾಖಲಿಸಿದವನೂ ಅವನೇ. ಅನಂತರ ಊಹೆಗಳ ಸುರಿಮಳೆಯಾಯಿತು. ಜ್ವಾಲಾಮುಖಿಯ ಶೇಷವೆಂದರು ಕೆಲವರು. ಕಬ್ಬಿಣ ಕರಗಿಸಿದ ಕುಲುಮೆಯ ಕಿಟ್ಟವೆಂದರು ಇನ್ನು ಕೆಲವರು. ವಿಜಯನಗರ ಕಾಲದ ಸಾಮೂಹಿಕ ದಹನಗಳ ಅವಶೇಷವೆಂದವರೂ ಇದ್ದರು. ಹಳ್ಳಿಗರು ಮಾತ್ರ ಮೊದಲಿನಿಂದಲೂ ಅದನ್ನು ಬೂದಿಯೆಂದೇ ಕರೆಯುತ್ತಿದ್ದರು.

ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫುಟ್ ಈ ಸಮಸ್ಯೆಯನ್ನು ಬೇರೆ ದಾರಿಯಿಂದ ಸಮೀಪಿಸಿದನು. 1863ರಲ್ಲಿ ಮದರಾಸಿನ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿ ಪ್ರಸಿದ್ಧನಾದವನು ಈತನೇ. ಬೂದಿ ಏನೆಂದು ಕೇಳುವುದಕ್ಕೆ ಮೊದಲು ಬೂದಿಯ ಜೊತೆಯಲ್ಲಿ ಏನೇನು ದೊರೆಯುತ್ತದೆಂದು ಅವನು ನೋಡಿದನು. ದೊರೆತದ್ದು ಉಜ್ಜಿ ನಯಗೊಳಿಸಿದ ಕಲ್ಲುಕೊಡಲಿಗಳು, ಮಡಕೆಯ ಚೂರುಗಳು, ದನಗಳ ಎಲುಬುಗಳು. ಆದುದರಿಂದ ಇವು ನವಶಿಲಾಯುಗದವೆಂದೂ, ಬೂದಿಯು ಸುಟ್ಟ ಸಗಣಿಯದೆಂದೂ ನಿರ್ಣಯಿಸಿದನು. ವಸ್ತುವೊಂದನ್ನು ಒಂಟಿಯಾಗಿ ನೋಡದೆ ಅದರ ಸಹವಾಸವನ್ನು ನೋಡುವುದು ಈ ಶಾಸ್ತ್ರದ ಮೊದಲ ಪಾಠವೆಂದು ಹೇಳಬಹುದು. ಫುಟ್ ಕೂಡಿಸಿದ ವಸ್ತುಗಳ ಸಂಗ್ರಹವು ಚೆನ್ನೈನ ಎಗ್ಮೋರ್ ವಸ್ತುಸಂಗ್ರಹಾಲಯಕ್ಕೆ ಸೇರಿತು.

ಎರಡನೆಯದು ಸ್ತರಗಳ ವಿಚಾರ. ಮೇಲಿನ ಪದರ ಈಚಿನದು, ಕೆಳಗಿನದು ಹಳೆಯದು. ರೈಲುಹಾದಿಯ ಏರಿಗಳನ್ನು ಕಟ್ಟಿಸಿದ ನನ್ನಂತಹವನಿಗೆ ಇದು ಹೊಸದಲ್ಲ. ಏರಿಯನ್ನು ಕಡಿದು ನೋಡಿದರೆ ತುಂಬಿದ ಮಣ್ಣು ಯಾವುದು, ಮೂಲ ನೆಲ ಯಾವುದು ಎಂಬುದು ಬಣ್ಣದಿಂದಲೇ ತಿಳಿಯುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ 1947ರಲ್ಲಿ ನಡೆಸಿದ ಉತ್ಖನನದಿಂದ ಕಲ್ಲುಕೊಡಲಿಯ ಜನರು, ಅವರ ಮೇಲೆ ಬೃಹತ್ ಶಿಲಾಸಮಾಧಿಗಳ ಜನರು, ಅವರ ಮೇಲೆ ಶಾತವಾಹನ ಕಾಲದವರು ಎಂಬ ಅನುಕ್ರಮವು ಸ್ಥಿರವಾಯಿತು.

ಫುಟ್‌ನ ನಿರ್ಣಯಕ್ಕೆ ಪ್ರಯೋಗಶಾಲೆಯ ಆಧಾರ ದೊರೆತದ್ದು 1960ರ ಸುಮಾರಿಗೆ. ಲಂಡನ್ ವಿಶ್ವವಿದ್ಯಾಲಯದ ಝೋಯ್ನರ್ ಎಂಬ ವಿದ್ವಾಂಸರು ಬಳ್ಳಾರಿ ಸೀಮೆಯ ದಿಬ್ಬಗಳ ಮಾದರಿಗಳನ್ನು ಪರೀಕ್ಷಿಸಿ, ಅದು ಸುಟ್ಟ ಸಗಣಿಯೇ ಎಂದು ತೋರಿಸಿದರು. ಬೂದಿಯೇನೋ ಸರಿ, ಅದು ಗಾಜಿನಂತೆ ಕರಗಿ ಗಟ್ಟಿಯಾದದ್ದು ಹೇಗೆ ಎಂದು ಕೆಲವರು ಕೇಳುವುದುಂಟು. ಉಗಿಬಂಡಿಗಳ ಕಾಲದಲ್ಲಿ ಲೋಕೋಶೆಡ್ಡಿನಲ್ಲಿ ಕೆಲಸ ಮಾಡಿದವರಿಗೆ ‘ಕ್ಲಿಂಕರ್’ ಚಿರಪರಿಚಿತ. ಬೆಂಕಿಯ ತಾಪ ಮಿತಿಮೀರಿದರೆ ಕಲ್ಲಿದ್ದಲಿನ ಬೂದಿ ಕರಗಿ, ತಣಿದಾಗ ಕಲ್ಲಿನಂತಾಗುತ್ತದೆ. ಅದನ್ನು ಒಡೆದು ತೆಗೆಯುವುದೇ ದೊಡ್ಡ ಸಾಹಸ. ಹುಲ್ಲು ಮೇದ ದನದ ಸಗಣಿಯಲ್ಲಿ ಸಿಲಿಕಾ ಅಂಶವೂ ಕ್ಷಾರವೂ ಇರುತ್ತವೆ. ದೊಡ್ಡ ರಾಶಿಗೆ ಬೆಂಕಿ ಬಿದ್ದು ಒಳಗಿನ ಕಾವು ಹೊರಗೆ ಹೋಗದಿದ್ದರೆ ಇವೆರಡೂ ಕೂಡಿ ಗಾಜಿನಂತಾಗುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಸಗಣಿ ಅಲ್ಲಿಗೆ ಬಂದದ್ದು ಹೇಗೆ? ಇದಕ್ಕೆ ಉತ್ತರವನ್ನು ಕೊಟ್ಟವರು ರೇಮಂಡ್ ಆಲ್ಚಿನ್. ಅವರು 1957ರಲ್ಲಿ ಈಗಿನ ತೆಲಂಗಾಣದ ಉತ್ನೂರಿನ ದಿಬ್ಬವನ್ನು ಅಗೆದರು. ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳು ಅಚ್ಚೊತ್ತಿದಂತೆ ಉಳಿದಿದ್ದವು! ಸುತ್ತಲೂ ಕಂಬ ನೆಟ್ಟ ಕುಳಿಗಳ ಸಾಲು. ಮರದ ಕಂಬ ಕೊಳೆತುಹೋದರೂ ಅದು ನಿಂತ ಕುಳಿಯಲ್ಲಿ ಬೇರೆ ಬಣ್ಣದ ಮಣ್ಣು ತುಂಬಿಕೊಳ್ಳುವುದರಿಂದ ಅದರ ಸ್ಥಾನವನ್ನು ಗುರುತಿಸಬಹುದು. ಹೀಗೆ ಇಲ್ಲದ ಕಂಬಗಳಿಂದಲೇ ದೊಡ್ಡಿಯೊಂದರ ನಕ್ಷೆ ಸಿದ್ಧವಾಯಿತು. ಒಂದು ಬೇಲಿ ಸುಟ್ಟ ಮೇಲೆ ಅಲ್ಲಿಯೇ ಮತ್ತೊಂದನ್ನು ಕಟ್ಟಿದ್ದರು, ಅದೂ ಸುಟ್ಟಿತ್ತು. ಇದ್ದಿಲಿನಲ್ಲಿರುವ ವಿಕಿರಣಶೀಲ ಇಂಗಾಲವು 5730 ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆಂಬ ತತ್ತ್ವದಿಂದ ಲೆಕ್ಕ ಹಾಕಿದಾಗ, ಈ ಗೋಪಾಲಕರು ಇಂದಿಗೆ 4000 ವರ್ಷಗಳಿಗೂ ಹಿಂದಿನವರೆಂದು ತಿಳಿದುಬಂದಿತು.

ಇಲ್ಲಿಯವರೆಗಿನದು ಸಾಕ್ಷ್ಯ. ಸಗಣಿಯನ್ನು ಏಕೆ ಸುಟ್ಟರು ಎಂಬ ಪ್ರಶ್ನೆ ಬಂದೊಡನೆ ವ್ಯಾಖ್ಯಾನವು ಆರಂಭವಾಗುತ್ತದೆ. ಎರಡರ ನಡುವಿನ ಗೆರೆಯನ್ನು ಓದುಗರು ಗಮನಿಸಬೇಕು. ಒಮ್ಮೆ ಮಾತ್ರ ಸುಟ್ಟಿದ್ದರೆ ಆಕಸ್ಮಿಕವೆನ್ನಬಹುದಿತ್ತು. ಪುನಃ ಪುನಃ ಸುಟ್ಟಿರುವುದರಿಂದ ಇದು ಉದ್ದೇಶಪೂರ್ವಕವಾದ ಆಚರಣೆಯೆಂದು ಆಲ್ಚಿನ್ ತರ್ಕಿಸಿ, ಋತುಮಾನದ ಹಬ್ಬಗಳಲ್ಲಿ ದನಗಳನ್ನು ಬೆಂಕಿಯ ಮೇಲೆ ಹಾಯಿಸುವ ಪದ್ಧತಿಯೊಡನೆ ಹೋಲಿಸಿದರು. ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ಮೈಸೂರು ಸೀಮೆಯವರು ನೋಡಿಯೇ ಇರುತ್ತಾರೆ. ಹೋಲಿಕೆ ಮನೋಹರವಾಗಿದೆ. ಆದರೆ 4000 ವರ್ಷಗಳ ಅಂತರವನ್ನು ಒಂದೇ ನೆಗೆತಕ್ಕೆ ದಾಟುವುದು ಸುಲಭವಲ್ಲವೆಂಬುದು ನನ್ನ ಅಭಿಪ್ರಾಯ. ಉಣ್ಣೆ, ನೊಣ, ರೋಗಗಳ ಕಾಟಕ್ಕೆ ಅಂಜಿ ದೊಡ್ಡಿಯನ್ನು ಶುಚಿಗೊಳಿಸಲು ಸುಟ್ಟಿರಲೂಬಹುದು. ಹಬ್ಬವೂ ಶುಚಿಯೂ ಒಂದೇ ಬೆಂಕಿಯಲ್ಲಿ ನಡೆದಿರಬಾರದೆಂದೇನೂ ಇಲ್ಲವಷ್ಟೆ.

ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ಆಸುಪಾಸಿನ ವರ್ಷಗಳಲ್ಲಿ ಸುರಪುರ ಸೀಮೆಯ ಬೂದಿಹಾಳದಲ್ಲಿ ವಿಸ್ತಾರವಾಗಿ ಅಗೆದಾಗ ಚಿತ್ರವು ಇನ್ನಷ್ಟು ತುಂಬಿತು. ಊರಿನ ಹೆಸರಿನಲ್ಲಿಯೇ ಬೂದಿಯಿದೆ. ದೊಡ್ಡಿಯ ಪಕ್ಕದಲ್ಲಿಯೇ ವಾಸದ ನೆಲೆಗಳೂ ಕಲ್ಲಿನ ಉಪಕರಣ ತಯಾರಿಸಿದ ಜಾಗಗಳೂ ಮಕ್ಕಳ ಸಮಾಧಿಗಳೂ ದೊರೆತವು. ಹಾಗಾಗಿ ಇದು ಅಡವಿಯ ನಡುವಿನ ಬರಿಯ ದನದ ದೊಡ್ಡಿಯಲ್ಲ, ಜನರು ಸಂಸಾರ ಹೂಡಿದ್ದ ಊರು ಎಂಬುದು ಅವರ ಸಿದ್ಧಾಂತ. ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಅವರ ಸಹೋದ್ಯೋಗಿಗಳು ಬಳ್ಳಾರಿಯ ಸಂಗನಕಲ್ಲಿನಲ್ಲಿ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಕರಿದ ಕಾಳುಗಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದರು. ಹುರುಳಿ, ಹೆಸರು, ಕೊರಲೆಯಂತಹ ಕಿರುಧಾನ್ಯಗಳು. ನಮ್ಮ ಅಡಿಗೆಮನೆಯ ಹೆಸರುಬೇಳೆಯ ವಂಶಾವಳಿ ಅಷ್ಟು ಹಿಂದಕ್ಕೆ ಹೋಗುತ್ತದೆ.

ಹಾಗಾದರೆ ಹಿಡಿಂಬಾಸುರನ ಕಥೆ? ಇದನ್ನು ಮುಂದಿಟ್ಟು ಶ್ರದ್ಧಾಳುಗಳನ್ನು ಹಾಸ್ಯ ಮಾಡುವವರನ್ನು ಕಂಡಿದ್ದೇನೆ. ವಿಜ್ಞಾನದ ಮಾತೇ ಬೇಡವೆನ್ನುವ ನಮ್ಮವರನ್ನೂ ಕಂಡಿದ್ದೇನೆ. ಭೀಮಸೇನದೇವರ ಮಹಿಮೆಗೆ ಮಹಾಭಾರತವೇ ಪ್ರಮಾಣವಾಗಿರುವಾಗ ಕುಡತಿನಿಯ ದಿಬ್ಬದ ಸಾಕ್ಷಿ ಬೇಕಾಗಿಲ್ಲ. ಸಗಣಿಯ ಬೂದಿಯೆಂದು ಒಪ್ಪಿದರೆ ನಮ್ಮ ಶ್ರದ್ಧೆಗೆ ಹಾನಿಯೂ ಇಲ್ಲ. ಮೇಲಾಗಿ, ಮಹತ್ತಾದ ಅಗ್ನಿಯೊಂದು ಇಲ್ಲಿ ಉರಿದಿತ್ತೆಂಬ ಮಟ್ಟಿಗೆ ಹಳ್ಳಿಗರ ಕಥೆಯು ಜ್ವಾಲಾಮುಖಿಯ ವಾದಕ್ಕಿಂತ ಸತ್ಯಕ್ಕೆ ಹತ್ತಿರವಾಗಿತ್ತು.

ಚಿಂತೆಯ ವಿಷಯ ಬೇರೆಯಿದೆ. ಬೂದಿಯು ಒಳ್ಳೆಯ ಗೊಬ್ಬರವಾದುದರಿಂದ ರೈತರು ಅನೇಕ ದಿಬ್ಬಗಳನ್ನು ಅಗೆದು ಹೊಲಗಳಿಗೆ ಸಾಗಿಸಿದ್ದಾರೆ. ಸಂಗನಕಲ್ಲಿನ ಬೆಟ್ಟಗಳನ್ನು ಕಲ್ಲುಗಣಿಗಾರಿಕೆ ಕೊರೆದಿದೆ. ಗೂಳಿಗಳ ಪ್ರಾಚೀನ ಚಿತ್ರಗಳನ್ನು ಕುಟ್ಟಿ ಕೆತ್ತಿದ ಬಂಡೆಗಳು ಅಲ್ಲಿಯೇ ಇರುವುದು. ಅಗೆದ ಬೂದಿಯನ್ನು ಮರಳಿ ಸುರಿದರೂ ಸ್ತರಗಳು ಮರಳುವುದಿಲ್ಲ. ಬಳ್ಳಾರಿಯಲ್ಲಿ ಬ್ರೂಸ್ ಫುಟ್‌ನ ಹೆಸರಿನ ವಸ್ತುಸಂಗ್ರಹಾಲಯವೊಂದು ಸ್ಥಾಪಿತವಾಗಿದ್ದು, ಸಂಗನಕಲ್ಲಿನ ಅವಶೇಷಗಳನ್ನು ಅಲ್ಲಿ ನೋಡಬಹುದು. ಹಂಪಿಗೆ, ಆನೆಗೊಂದಿಯ ನವವೃಂದಾವನಕ್ಕೆ ಹೋಗುವವರು ಗುಂತಕಲ್ ಕಡೆಯಿಂದ ರೈಲಿನಲ್ಲಿ ಬಂದರೆ, ಬಳ್ಳಾರಿ ದಾಟಿ ಹೊಸಪೇಟೆಗೆ ಮೊದಲು ಕುಡತಿನಿ ನಿಲ್ದಾಣ ಸಿಗುತ್ತದೆ.