ಗೋಕರ್ಣ–ತದಡಿ ಕಡಲಂಚಿನ ಕಾಲುದಾರಿ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಗೋಕರ್ಣ ಪೇಟೆಯಿಂದ ದಕ್ಷಿಣಕ್ಕೆ ಅಘನಾಶಿನಿ ನದಿಯ ಅಳಿವೆಯಲ್ಲಿರುವ ತದಡಿ ಬಂದರಿನವರೆಗೆ ಗುಡ್ಡದ ನೆತ್ತಿ ಮತ್ತು ಮರಳದಂಡೆಗಳ ಮೇಲೆ ಸಾಗುವ ದಾರಿ. ಉದ್ದ ಹತ್ತು ಕಿಲೋಮೀಟರಿನ ಒಳಗೇ. ಇದು ಒಂದೇ ಗೆರೆಯ ಹಾದಿಯಲ್ಲ. ಮೀನುಗಾರರು, ದನ ಮೇಯಿಸುವವರು, ಈಚಿನ ದಶಕಗಳಲ್ಲಿ ಪ್ರವಾಸಿಗರು ತುಳಿದ ದಾರಿಗಳು ಅಲ್ಲಲ್ಲಿ ಕೂಡಿ, ಅಲ್ಲಲ್ಲಿ ಕವಲೊಡೆಯುತ್ತವೆ. ಚಾರಣದ ದೃಷ್ಟಿಯಿಂದ ಹೆಚ್ಚು ಕಷ್ಟದ್ದಲ್ಲವಾದರೂ, ಕರ್ನಾಟಕ ಕರಾವಳಿಯಲ್ಲಿ ಗುಡ್ಡ ನೇರವಾಗಿ ಸಮುದ್ರಕ್ಕಿಳಿಯುವುದನ್ನು ಇಷ್ಟು ಹತ್ತಿರದಿಂದ ಕಾಣಿಸುವ ಜಾಗಗಳು ವಿರಳ.

ಹಾದಿ

ಗೋಕರ್ಣದ ಮುಖ್ಯ ಕಡಲತೀರದ ದಕ್ಷಿಣ ತುದಿಯಲ್ಲಿ ಮೆಟ್ಟಿಲು ಹತ್ತಿದರೆ ರಾಮತೀರ್ಥ, ಅದರಾಚೆ ಚಪ್ಪಟೆ ನೆತ್ತಿಯ ಗುಡ್ಡ. ಅದನ್ನು ದಾಟಿ ಇಳಿದರೆ ಕುಡ್ಲೆ, ಇನ್ನೊಂದು ಗುಡ್ಡ ದಾಟಿದರೆ ಓಂ ತೀರ. ಓಂ ತೀರದ ನಡುವೆ ಬಂಡೆಗಳ ಮೂತಿಯೊಂದು ಕಡಲಿಗೆ ಚಾಚಿ ಮರಳದಂಡೆಯನ್ನು ಎರಡು ಅರ್ಧಚಂದ್ರಗಳಾಗಿ ಸೀಳುತ್ತದೆ. ಆ ಆಕಾರ ಕೆಳಗೆ ನಿಂತವರಿಗೆ ಕಾಣದು, ಗುಡ್ಡದ ಮೇಲಿನಿಂದಲೇ ನೋಡಬೇಕು. ಮುಂದೆ ಹಾಫ್ ಮೂನ್, ಪ್ಯಾರಡೈಸ್ ಎಂಬ ಎರಡು ಚಿಕ್ಕ ತೀರಗಳು. ಇವೆರಡರ ನಡುವಿನ ಹಾದಿಯೇ ಕಡಿದಾದದ್ದು. ಉಬ್ಬರದ ಹೊತ್ತಿನಲ್ಲಿ ಬುಡದ ಬಂಡೆಗಳ ಮೇಲೆ ಹೋಗುವಂತಿಲ್ಲ, ಮೇಲಿನ ದಾರಿಯನ್ನೇ ಹಿಡಿಯಬೇಕು. ಬೆಲೆಕಾನ್ ದಾಟಿದ ಮೇಲೆ ತದಡಿ.

ಗುಡ್ಡದ ರಚನೆ

ಈ ಹಾದಿಯ ರೂಪವನ್ನು ನಿರ್ಧರಿಸಿರುವುದು ಜಂಬಿಟ್ಟಿಗೆ ಕಲ್ಲು. ಸ್ಥಳೀಯರ ಬಾಯಲ್ಲಿ ಇದು ಚಿರೆಕಲ್ಲು. ಬಿಸಿಲು ಮತ್ತು ಜಡಿಮಳೆ ಸರದಿಯಂತೆ ಬರುವ ಉಷ್ಣವಲಯದಲ್ಲಿ, ತಳದ ಶಿಲೆಯಿಂದ ಕರಗುವ ಅಂಶಗಳೆಲ್ಲ ಬಹುಕಾಲ ನೀರಿನೊಡನೆ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್‌ಗಳು ಉಳಿದು ಗಟ್ಟಿಯಾದಾಗ ಇದು ಉಂಟಾಗುತ್ತದೆ. ನೆಲದೊಳಗಿರುವಾಗ ಕೊಡಲಿಯಂಥ ಆಯುಧದಿಂದಲೇ ಚಪ್ಪಡಿಯಾಗಿ ಕಡಿಯುವಷ್ಟು ಮೆದು, ಗಾಳಿಗೆ ಒಡ್ಡಿದ ಮೇಲೆ ಗಡಸು. ಕರಾವಳಿಯ ಮನೆ, ಬಾವಿ, ಪಾಗಾರಗಳೆಲ್ಲ ಈ ಗುಣವನ್ನೇ ನೆಚ್ಚಿಕೊಂಡಿವೆ. ವಿಜ್ಞಾನಕ್ಕೆ ಇದನ್ನು ಲ್ಯಾಟರೈಟ್ ಎಂದು ಪರಿಚಯಿಸಿದವನು ಫ್ರಾನ್ಸಿಸ್ ಬುಕಾನನ್. ಶ್ರೀರಂಗಪಟ್ಟಣದ ಪತನದ ನಂತರ, 1800–01ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು, ಮಲಬಾರು, ಕೆನರಾಗಳನ್ನು ಸುತ್ತಿದ ಅವನು ಕೇರಳದ ಅಂಗಾಡಿಪುರಂ ಬಳಿಯ ಕಲ್ಲನ್ನು ಆಧಾರವಾಗಿಟ್ಟುಕೊಂಡು ಈ ಹೆಸರಿಟ್ಟ. ಅವನ ಪ್ರವಾಸಕಥನ 1807ರಲ್ಲಿ ಪ್ರಕಟವಾಯಿತು. ಗೋಕರ್ಣವೂ ಅವನ ದಾರಿಯಲ್ಲಿತ್ತು.

ಗುಡ್ಡದ ಕಡಲ ಬದಿಯನ್ನು ಹತ್ತಿರದಿಂದ ನೋಡಿದರೆ ಪದರಗಳು ಗುರುತಿಗೆ ಸಿಗುತ್ತವೆ. ಮೇಲೆ ಕರಿಗೆಂಪು ಗಡಸು ಟೋಪಿ. ಬೆರಳು ತೂರುವಷ್ಟು ದೊಡ್ಡ ತೂತುಗಳು, ಅವುಗಳ ಅಂಚಿಗೆ ತುಕ್ಕಿನ ಹೊಳಪು. ಅದರಡಿ ಬಿಳಿ, ಹಳದಿ, ನೇರಳೆ ಬಣ್ಣದ ಮೆದು ಶೇಡಿಮಣ್ಣು. ಅದಕ್ಕೂ ಕೆಳಗೆ ಅಲೆ ಬಡಿಯುವಲ್ಲಿ ಗಟ್ಟಿ ಮೂಲಶಿಲೆ. ಮಳೆನೀರು ತೂತುಗಲ್ಲಿನಲ್ಲಿ ಸರಾಗ ಇಳಿಯುತ್ತದೆ, ಶೇಡಿಯಲ್ಲಿ ತಡೆಯುತ್ತದೆ, ಆ ಸಂಧಿಯಲ್ಲಿ ಬದಿಗೆ ಹರಿದು ಒರತೆಯಾಗಿ ಹೊರಬೀಳುತ್ತದೆ. ಹಾಗೆ ಬರುವಾಗ ಶೇಡಿಯನ್ನು ಕೊರೆಯುವುದರಿಂದ ಮೇಲಿನ ಟೋಪಿ ಆಸರೆ ತಪ್ಪಿ ಗುಂಡುಗುಂಡಾಗಿ ಕಳಚಿ ಬೀಳುತ್ತದೆ. ತೀರಗಳ ಮೂಲೆಗಳಲ್ಲಿ ಬಿದ್ದಿರುವ ಕೆಂಪು ಬಂಡೆಗಳಲ್ಲಿ ಬಹಳಷ್ಟು ಹೀಗೆ ಮೇಲಿನಿಂದ ಇಳಿದುಬಂದವು. ಮಳೆಗಾಲದಲ್ಲಿ ಗುಡ್ಡದ ಅಂಚಿಗೆ ಹೋಗಬಾರದೆನ್ನುವುದಕ್ಕೆ ಜಾರಿಕೆಗಿಂತ ಇದೇ ದೊಡ್ಡ ಕಾರಣ.

ಬೇಸಿಗೆಯಲ್ಲಿ ಬೋಳಾಗಿ ಕಾಣುವ ನೆತ್ತಿಯ ಮೇಲೆ ಗೇರುಮರ, ಕವಳಿ ಹಣ್ಣಿನ ಮುಳ್ಳುಪೊದೆಗಳಷ್ಟೇ ಎದ್ದು ತೋರುತ್ತವೆ. ಮಳೆ ಹಿಡಿದ ಮೇಲೆ ಕಲ್ಲಿನ ತಗ್ಗುಗಳಲ್ಲಿ ನೀರು ನಿಂತು, ಯುಟ್ರಿಕ್ಯುಲೇರಿಯದಂಥ ಕೀಟಾಹಾರಿ ಗಿಡಗಳು ಕೆಲವೇ ವಾರ ಹೂಬಿಡುತ್ತವೆ.

ಸ್ಥಳನಾಮ ಮತ್ತು ಐತಿಹ್ಯ

ಗೋಕರ್ಣದ ಪ್ರಸಿದ್ಧ ಕಥೆ ಆತ್ಮಲಿಂಗದ್ದು. ರಾವಣ ಕೈಲಾಸದಿಂದ ಲಿಂಗವನ್ನು ಲಂಕೆಗೆ ಒಯ್ಯುವಾಗ ಸಂಜೆಯ ಸಂಧ್ಯಾವಂದನೆಗೆಂದು ವಟುವೇಷದ ಗಣಪತಿಯ ಕೈಗೆ ಕೊಟ್ಟ. ಗಣಪತಿ ಅದನ್ನು ಗೋಕರ್ಣದಲ್ಲಿ ನೆಲಕ್ಕಿಟ್ಟುಬಿಟ್ಟ, ಅದು ಅಲ್ಲೇ ನೆಲೆನಿಂತಿತು. ಕೀಳಲಾರದೆ ಸೋತ ರಾವಣ ಲಿಂಗದ ಸಂಪುಟ, ಮುಚ್ಚಳ, ದಾರ, ವಸ್ತ್ರಗಳನ್ನು ಎಸೆದನೆಂದೂ ಅವು ಬಿದ್ದಲ್ಲಿ ಸಜ್ಜೇಶ್ವರ, ಗುಣವಂತೆ, ಧಾರೇಶ್ವರ, ಮುರುಡೇಶ್ವರಗಳಾದವೆಂದೂ ಪ್ರತೀತಿ. ಗೋಕರ್ಣವೂ ಸೇರಿ ಐದು ಕ್ಷೇತ್ರಗಳು ಕಾರವಾರದಿಂದ ಭಟ್ಕಳ ಸೀಮೆಯವರೆಗೆ ಹರಡಿವೆ. ಒಂದು ಕಥೆ ಇಡೀ ಜಿಲ್ಲೆಯ ಕರಾವಳಿಯನ್ನೇ ಪೋಣಿಸಿದ ಈ ರೀತಿ ಗಮನಾರ್ಹ. ಗೋಕರ್ಣದ ಗುಡ್ಡವನ್ನು ಗರುಡ ಹೊತ್ತು ತಂದ ಶತಶೃಂಗವೆಂದೂ ಸ್ಥಳಪುರಾಣ ಹೇಳುತ್ತದೆ. ಕೇರಳದ ಸಂಪ್ರದಾಯದಲ್ಲಿ ಪರಶುರಾಮ ಕಡಲಿನಿಂದ ಪಡೆದ ನೆಲಕ್ಕೆ ಗೋಕರ್ಣವೇ ಉತ್ತರದ ಗಡಿ.

ಕ್ಷೇತ್ರದ ಹೆಸರು ಹಳೆಯದು. ಮಹಾಭಾರತದ ವನಪರ್ವದ ತೀರ್ಥಯಾತ್ರೆಯಲ್ಲಿ ಬರುತ್ತದೆ, ಕಾಳಿದಾಸನ ‘ರಘುವಂಶ’ದ ಎಂಟನೆಯ ಸರ್ಗದಲ್ಲಿ ನಾರದರು ದಕ್ಷಿಣ ಸಮುದ್ರದ ದಡದ ಗೋಕರ್ಣೇಶ್ವರನನ್ನು ಸೇವಿಸಲು ಹೊರಟಿರುತ್ತಾರೆ, ತಮಿಳಿನ ಶೈವ ಸ್ತೋತ್ರಗಳಾದ ತೇವಾರ ಪದಿಗಗಳಲ್ಲೂ ಸೇರಿದೆ. ಆದರೆ ಇವೆಲ್ಲ ಕ್ಷೇತ್ರದ ಉಲ್ಲೇಖಗಳು. ದಕ್ಷಿಣದ ಕಡಲಂಚಿನ ಬಗ್ಗೆ ಅವುಗಳಿಂದ ಏನೂ ತಿಳಿಯುವುದಿಲ್ಲ.

ಹೆಸರುಗಳ ಹಂಚಿಕೆಯಲ್ಲೂ ಒಂದು ಕ್ರಮವಿದೆ. ಪೇಟೆಗೆ ಹತ್ತಿರದ, ಸಿಹಿನೀರು ಸಿಗುವ ತಾಣಗಳಿಗೆ ಪುರಾಣವಿದೆ. ರಾಮತೀರ್ಥ ಇದಕ್ಕೆ ಒಳ್ಳೆಯ ನಿದರ್ಶನ: ಉಪ್ಪುನೀರಿನ ಪಕ್ಕದಲ್ಲೇ ಗುಡ್ಡದ ಬದಿಯಿಂದ ಸಿಹಿನೀರು ಬೀಳುತ್ತದೆ, ಅದನ್ನು ರಾಮನ ಹೆಸರಿಗೆ ಜೋಡಿಸಲಾಗಿದೆ. ಮೇಲೆ ವಿವರಿಸಿದ ಶೇಡಿಸಂಧಿಯ ಒರತೆಯೇ ಇದಿರಬೇಕೆಂದು ತೋರುತ್ತದೆ. ದಕ್ಷಿಣಕ್ಕೆ ಸರಿದಂತೆ ಐತಿಹ್ಯ ತೆಳುವಾಗಿ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂಬ ಪ್ರವಾಸಿಗರ ಕಾಲದ ಹೆಸರುಗಳು ಶುರುವಾಗುತ್ತವೆ. ಓಂ ಎಂಬುದನ್ನು ಪುರಾಣದ ಹೆಸರೆಂದು ಭಾವಿಸುವವರಿದ್ದಾರೆ. ಅದು ದಂಡೆಯ ಆಕಾರ ನೋಡಿ ಇಟ್ಟದ್ದು.

ಅಳಿವೆಯಾಚೆ

ತದಡಿಯಿಂದ ದೋಣಿಯಲ್ಲಿ ನದಿ ದಾಟಿದರೆ ಅಘನಾಶಿನಿ ಗ್ರಾಮ. ರಸ್ತೆಯಲ್ಲಾದರೆ ಮಿರ್ಜಾನ್ ಬಳಸಿ ಬರಬೇಕು. ಅಣೆಕಟ್ಟಿಲ್ಲದೆ ಸಮುದ್ರ ಸೇರುವ ಪಶ್ಚಿಮ ಕರಾವಳಿಯ ಕೆಲವೇ ನದಿಗಳಲ್ಲಿ ಅಘನಾಶಿನಿಯೂ ಒಂದು. ಅಳಿವೆಯಲ್ಲಿ ಉಬ್ಬರದ ನೀರು ನುಗ್ಗುವ ಗಜನಿ ಭೂಮಿಯಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ, ಇಳಿತದಲ್ಲಿ ಬಳಚು ಚಿಪ್ಪುಗಳನ್ನು ಆಯುತ್ತಾರೆ. ಸಮೀಪದ ಸಾಣಿಕಟ್ಟದಲ್ಲಿ ಉಪ್ಪಿನ ಆಗರಗಳಿವೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅಘನಾಶಿನಿ ಗ್ರಾಮದಿಂದ ಬಾಡ, ಕಡ್ಲೆಗಳ ಮೂಲಕ ಕುಮಟಾದವರೆಗೂ ಕಡಲಂಚಿನಲ್ಲೇ ನಡೆಯಬಹುದು. ಚಾರಣಿಗರಲ್ಲಿ ಅನೇಕರು ಕುಮಟಾದಿಂದ ಹೊರಟು ಗೋಕರ್ಣದಲ್ಲಿ ಮುಗಿಸುತ್ತಾರೆ. ನವೆಂಬರಿನಿಂದ ಫೆಬ್ರುವರಿ ನಡೆಯಲು ತಕ್ಕ ಕಾಲ. ಗುಡ್ಡದ ಮೇಲೆ ನೆರಳಿಲ್ಲದ ಕಾರಣ ಮಾರ್ಚಿನ ನಂತರ ಬೆಳಗಿನ ಹೊತ್ತಷ್ಟೇ ಹಿತ.