ಮಗುವಿನ ಕಣ್ಣಿನ ಎತ್ತರ

ಮನೆಯಲ್ಲಿ ಮಕ್ಕಳ ಆಟಕ್ಕೆಂದೇ ಒಂದು ಕೋಣೆ ಬೇಕೆ ಎಂಬ ಮಾತು ಬಂದಾಗಲೆಲ್ಲ ನನಗೆ ಅಮೆರಿಕದ ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ನೆನಪಾಗುತ್ತಾನೆ. ಷಿಕಾಗೋ ಸಮೀಪದ ಓಕ್ ಪಾರ್ಕಿನಲ್ಲಿ 1889ರಲ್ಲಿ ಕಟ್ಟಿಕೊಂಡ ತನ್ನ ಮನೆಯ ಮಹಡಿಗೆ ಆತ 1895ರಲ್ಲಿ ಅಂಥ ಕೋಣೆಯೊಂದನ್ನು ಸೇರಿಸಿದ. ಅಲ್ಲಿಗೆ ಹೋಗುವ ಹಾದಿ ಇಕ್ಕಟ್ಟು, ತಗ್ಗು. ದಾಟಿದೊಡನೆ ಕಮಾನಿನ ಎತ್ತರದ ಚಾವಣಿ. ಕಿಟಕಿಗಳು ಮಾತ್ರ ಮಗುವಿನ ಕಣ್ಣಿನ ಎತ್ತರಕ್ಕೆ. ದೊಡ್ಡ ಪಿಯಾನೋವಿನ ಹಿಂಭಾಗವನ್ನು ಗೋಡೆಯಾಚೆ ಮೆಟ್ಟಿಲುಗಳ ಮೇಲೆ ತೂಗಿಸಿ, ನೆಲವನ್ನು ಆಟಕ್ಕೆ ಬಿಟ್ಟ.

ಈ ದೃಷ್ಟಿಯ ಮೂಲ ಅವನ ಬಾಲ್ಯದಲ್ಲಿದೆ. 1876ರ ಫಿಲಡೆಲ್ಫಿಯ ಪ್ರದರ್ಶನದಲ್ಲಿ, ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ ರೂಪಿಸಿದ ಮರದ ಆಟಿಕೆಗಳನ್ನು ತಾಯಿ ಕಂಡು ತನಗೆ ತಂದುಕೊಟ್ಟಳೆಂದು ಆತನೇ ಬರೆದುಕೊಂಡಿದ್ದಾನೆ. ಅವನ ಮಗ ಜಾನ್ ಕೂಡ ಮುಂದೆ 'ಲಿಂಕನ್ ಲಾಗ್ಸ್' ಎಂಬ ಮರದ ಆಟಿಕೆಯನ್ನು ರೂಪಿಸಿದ.

ಆದರೆ 1909ರಲ್ಲಿ ರೈಟ್ ಹೆಂಡತಿಯನ್ನೂ ಆರು ಮಕ್ಕಳನ್ನೂ ತೊರೆದು ಯೂರೋಪಿಗೆ ಹೊರಟುಹೋದ. ಅಷ್ಟು ಅಕ್ಕರೆಯಿಂದ ಕಟ್ಟಿದ ಕೋಣೆ ಉಳಿಯಿತು, ತಂದೆ ಉಳಿಯಲಿಲ್ಲ.

ನಮ್ಮ ಮನೆಯಲ್ಲಿ ಆಟದ ಕೋಣೆಯಿಲ್ಲ. ನಡುಮನೆಯ ಕಿಟಕಿಯ ಕೆಳಗೆ ತಗ್ಗಿನ ಹಲಗೆಯೊಂದನ್ನು ಹಾಕಿಸಿದ್ದೇನೆ. ಸಂಜೆ ಮೊಮ್ಮಗಳ ಪಕ್ಕದಲ್ಲಿ, ಮೊಣಕಾಲು ನೋಯುತ್ತಿದ್ದರೂ, ನಾನೂ ಅದರ ಮೇಲೆ ಕೂರುತ್ತೇನೆ.