ಗರಡಿಯ ಎಣ್ಣೆ, ಹರಡಿನ ಉಳುಕು

1520ರ ಸುಮಾರಿಗೆ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮೊದಲೇ ಅರಸ ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಹಚ್ಚಿಸಿಕೊಳ್ಳುತ್ತಿದ್ದ. ಮಣ್ಣಿನ ಭಾರಗಳನ್ನೆತ್ತಿ, ಕತ್ತಿ ಬೀಸಿ, ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ಮಲ್ಲನೊಬ್ಬನ ಜೊತೆ ಕುಸ್ತಿ ಹಿಡಿಯುತ್ತಿದ್ದ.

ಕುಸ್ತಿ ಇದ್ದಲ್ಲಿ ಉಳುಕು ಇದ್ದದ್ದೇ.

ಮಹಾನವಮಿಯಲ್ಲಿ ಮಲ್ಲರು ಕೈಯಲ್ಲಿ ಮೊನೆಯುಳ್ಳ ಬಳೆ ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರೆಂದು ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನೂನಿಜ್ ಹೇಳುತ್ತಾನೆ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗ ಇಂದಿಗೂ ಅದನ್ನೇ ನೆನಪಿಸುತ್ತದೆ. ಅಲ್ಲಿ ಸೆಣಸುವವರು ಜೆಟ್ಟಿಗಳು. ಕೀಲು ತಿರುಚುವ ಪಟ್ಟು ಬಲ್ಲವರಿಗೆ ಕೀಲಿನ ಆರೈಕೆಯೂ ತಿಳಿದಿತ್ತು. ತೆಲುಗು ಸೀಮೆಯ ಜೆಟ್ಟಿಗಳು ಮೈ ತಿಕ್ಕಿ, ಮುಲಾಮು ಹಚ್ಚಿ ನರನೋವು ಕಳೆಯುತ್ತಾರೆಂಬ ಮಾತು 1909ರಲ್ಲಿ ಬಂದ ಎಡ್ಗರ್ ಥರ್ಸ್ಟನ್ನನ ಗ್ರಂಥದಲ್ಲಿದೆ.

ಹೊಸಪೇಟೆ, ಕಂಪ್ಲಿ ಕಡೆಯ ಮನೆಗಳಿಗೆ ಈ ವಿದ್ಯೆ ಹೊಸದೇನಲ್ಲ. ಹರಡು ಉಳುಕಿದರೆ ಹುಣಸೆಹಣ್ಣು, ಉಪ್ಪು, ಅರಿಶಿನ ಕುದಿಸಿ ಬೆಚ್ಚಗೆ ಪಟ್ಟು ಹಾಕುವುದು. ಆಮೇಲೆ ಉಳುಕು ತೆಗೆಯುವವರ ಮುಂದೆ ಕಾಲು ಚಾಚುವುದು. ಅವರ ಹೆಬ್ಬೆರಳು ಹೊರಗಿನ ಗಿಣ್ಣಿನ ಕೆಳಗೆ, ತುಸು ಮುಂದಕ್ಕೆ ಮೆಲ್ಲಗೆ ಒತ್ತುತ್ತ ಹೋಗಿ ಒಂದು ಕಡೆ ನಿಲ್ಲುತ್ತದೆ. ಪಾದ ಒಳಕ್ಕೆ ಮಡಚಿಕೊಂಡಾಗ ಎಲ್ಲಕ್ಕಿಂತ ಹೆಚ್ಚು ಹರಿಯುವ ಲಿಗಮೆಂಟ್ ಇರುವುದೂ ಅಲ್ಲೇ. ಎಕ್ಸ್‌ರೇ ಇಲ್ಲದ ಕಾಲದಲ್ಲಿ ಬೆರಳು ಕಲಿತ ಈ ಜ್ಞಾನಕ್ಕೆ ಗೌರವ ಸಲ್ಲಲೇಬೇಕು. ಆದರೆ ಅದೇ ಕೈ ಕಾಲನ್ನು ಜಗ್ಗಿ ಲಟಕ್ಕೆನ್ನಿಸಿದರೆ ಅರ್ಧ ಹರಿದದ್ದು ಪೂರ್ತಿ ಹರಿಯಬಹುದು.

ಬಳ್ಳಾರಿಯಲ್ಲಿ 1961ರಲ್ಲಿ ವೈದ್ಯಕೀಯ ಕಾಲೇಜು ಶುರುವಾಯಿತು. ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಲಿಗಮೆಂಟ್ ಕಾಣುವುದಿಲ್ಲ. ‘ಮೂಳೆ ಮುರಿದಿಲ್ಲ’ ಎಂದೊಡನೆ ಸಂಡೂರಿನ ಗಣಿಗೋ ಕಬ್ಬಿನ ಗದ್ದೆಗೋ ಮರಳಿದವನ ಹರಡು ಮತ್ತೆ ಮತ್ತೆ ಹೊರಳುತ್ತದೆ.

ಒಳಬದಿಯ ತೊಂದರೆ ಇನ್ನೂ ಮೌನವಾದದ್ದು. ಹಿಮ್ಮಡಿ ಮೂಳೆಯಿಂದ ಪಾದದ ಕಮಾನಿಗೆ ಆಸರೆಯಾಗಿರುವ ಸ್ಪ್ರಿಂಗ್ ಲಿಗಮೆಂಟ್ ಮತ್ತು ಅದರ ಪಕ್ಕದ ಸ್ನಾಯುರಜ್ಜು ಸಡಿಲವಾದರೆ, ನಡುವಯಸ್ಸಿನಲ್ಲೂ ಪಾದ ಚಪ್ಪಟೆಯಾಗುತ್ತದೆ. ತುಂಗಭದ್ರೆಯಲ್ಲಿ ಕಾಲು ತೊಳೆದು ಹಂಪಿಯ ಒಣ ಬಂಡೆ ಮೇಲೆ ಹೆಜ್ಜೆಯಿಟ್ಟರೆ ಸಾಮಾನ್ಯವಾಗಿ ಒಳಬದಿ ಖಾಲಿ ಉಳಿಯುತ್ತದೆ. ಕಮಾನು ಕುಸಿದವರದು ಅಂಗಾಲು ಪೂರ್ತಿ ಮೂಡುತ್ತದೆ. ಅಂಥವರಲ್ಲಿ ಎಷ್ಟೋ ಜನರಿಗೆ ಆ ಒಂದೇ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಲು ಆಗುವುದಿಲ್ಲ.